ಅನಾತೋಲನ ಒಣ ಪೈಪು

ಶಾಂಪ್ರೇ ಊರಿನಲ್ಲಿ ಗಂಡಸಿನ ಯೋಗ್ಯತೆ ಅಳೆಯಲು ಅವನ ಮನೆ, ಹೊಲ, ಮೀಸೆ ಯಾವುದನ್ನೂ ನೋಡುವ ಪದ್ಧತಿಯಿಲ್ಲ. ಮೊದಲು ಬಾಯಲ್ಲಿರುವ ಪೈಪನ್ನು ನೋಡುತ್ತಾರೆ, ಆಮೇಲೆ ಕಿವಿಗೊಟ್ಟು ಅದರ ಸದ್ದು ಕೇಳುತ್ತಾರೆ. ಜೂರಾ ಬೆಟ್ಟಗಳ ನಡುವಿನ ಈ ಊರಿಗೆ ಮರದ ಬೇರುಗಂಟನ್ನು ಕಡೆದು ಪೈಪು ಮಾಡುವುದು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಮೂರು ಮನೆಗೆ ಒಂದು ಮರ ಕಡೆಯುವ ಚರಕಿ ಇದೆ. ತೊಟ್ಟಿಲಲ್ಲಿರುವ ಕೂಸು ಕೂಡ ಮರದ ಧೂಳಿಗೇ ಸೀನುವುದು. ಇಂಥ ಊರಿನಲ್ಲಿ ಒಬ್ಬ ಗೃಹಸ್ಥನ ಪೈಪಿನೊಳಗೆ ನೀರು ಕಟ್ಟಿಕೊಂಡು ಗೊರಗೊರ ಎಂದರೆ ಅದು ಅವನೊಬ್ಬನ ಮಾನದ ಪ್ರಶ್ನೆಯಲ್ಲ, ಅವನಿಗೆ ಹೆಣ್ಣು ಕೊಟ್ಟವರ ಮಾನದ ಪ್ರಶ್ನೆಯೂ ಹೌದು.

ಅನಾತೋಲ್ ಮೆರ್ಮೆಯ ಪೈಪು ಗೊರಗೊರ ಎನ್ನುತ್ತಿತ್ತು.

ಈತ ಪುರಸಭೆಯಲ್ಲಿ ಜನನ, ಮರಣ, ವಿವಾಹಗಳ ರಿಜಿಸ್ಟರು ಬರೆಯುವ ಗುಮಾಸ್ತ. ವಯಸ್ಸು ನಲವತ್ತೆಂಟು, ದುಂಡು ಮೈ, ಒಳ್ಳೆಯ ಮನಸ್ಸು, ಎಲ್ಲದರಲ್ಲೂ ಅವಸರ. ಸತ್ತವರ ಹೆಸರನ್ನು ಹುಟ್ಟಿದವರ ಪುಸ್ತಕದಲ್ಲಿ ಬರೆದು ಎರಡು ಸಲ ಊರಿಗೆ ಸಂತೋಷ ಕೊಟ್ಟಿದ್ದ. ಹಗಲೆಲ್ಲ ಪೈಪು ಬಾಯಲ್ಲಿರಬೇಕು, ಫುಸ್ ಫುಸ್ ಎಂದು ಎಳೆಯುತ್ತಿರಬೇಕು. ಪುರಸಭೆಯಲ್ಲಿ ಅವನನ್ನು ಹುಡುಕಬೇಕಾದವರು ಕೋಣೆ ಕೋಣೆ ತಿರುಗುತ್ತಿರಲಿಲ್ಲ. ಹಜಾರದಲ್ಲಿ ನಿಂತು ಸುಮ್ಮನೆ ಕಿವಿ ನಿಮಿರಿಸುತ್ತಿದ್ದರು.

ನವೆಂಬರಿನ ಒಂದು ಶನಿವಾರ ಬೇಕರಿಯವನ ಮಗಳ ಮದುವೆ ರಿಜಿಸ್ಟರಾಗಬೇಕಿತ್ತು. ಮೇಯರು ಎದೆಗೆ ಅಡ್ಡಪಟ್ಟಿ ಹಾಕಿಕೊಂಡು ಹುಡುಗಿಯನ್ನು ಕೇಳಿದರು: “ಈತನನ್ನು ಗಂಡನಾಗಿ ಒಪ್ಪುತ್ತೀಯಾ?” ಹುಡುಗಿ ನಾಚಿ ತಲೆ ತಗ್ಗಿಸಿದಳು. ಸಭೆ ಉಸಿರು ಬಿಗಿಹಿಡಿದು ಕೂತಿತು. ರಿಜಿಸ್ಟರಿನ ಹಿಂದೆ ಕೂತಿದ್ದ ಅನಾತೋಲನಿಗೆ ಇದೇ ಒಳ್ಳೆಯ ಬಿಡುವು ಎನಿಸಿ ಒಂದು ದಮ್ಮು ಎಳೆದ.

ಗೊರ್ರ್ರ್ರ್.

ವರನ ತಾಯಿ ದಡಕ್ಕನೆ ಎದ್ದಳು. “ಏನಂತೆ? ಏನಂದ್ಲು?”

“ಏನೂ ಅನ್ಲಿಲ್ಲ ಕಣಮ್ಮ, ಕೂತ್ಕೊಳ್ಳಿ,” ಎಂದರು ಮೇಯರು.

“ಅಂದ್ಲು! ನನ್ ಮಗನ ಮುಖ ನೋಡಿ ನಾಯಿ ಹಾಗೆ ಗುರ್ ಅಂದ್ಲು! ಈಗಲೇ ಹಿಂಗೆ, ಇನ್ನು ಮನೆಗೆ ಬಂದ್ಮೇಲೆ?”

ಹುಡುಗಿಯ ಅಪ್ಪ ಸುಮ್ಮನಿರುವ ಪೈಕಿಯಲ್ಲ. ಅದು ನಿಮ್ಮ ಮಗನ ಹೊಟ್ಟೆಯ ಸದ್ದು, ಮದುವೆಯೂಟಕ್ಕೆ ಜಾಗ ಮಾಡಿಕೊಳ್ಳಲು ಮೂರು ದಿನದಿಂದ ಉಪವಾಸ ಇದ್ದಾನಂತೆ ಎಂದ. ಮಾತಿಗೆ ಮಾತು ಬೆಳೆದು ಕಾಲು ಗಂಟೆ ರಂಪವಾಯಿತು. ಎಲ್ಲರನ್ನೂ ಕೂರಿಸಿ ಮೇಯರು ಎರಡನೇ ಸಲ ಪ್ರಶ್ನೆ ಕೇಳಿದರು. ಅಷ್ಟು ಹೊತ್ತೂ ಭಯದಿಂದ ಉಸಿರು ಕಟ್ಟಿಕೊಂಡಿದ್ದ ಅನಾತೋಲ, ಪೈಪು ಬಾಯಲ್ಲಿರುವುದನ್ನು ಮರೆತು, ಸರಿಯಾಗಿ ಆಗಲೇ ಉಸಿರು ಬಿಟ್ಟ. ಈ ಸಲ ಬೂದಿಯೂ ಹಾರಿತು.

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಅವನ ಹೆಂಡತಿ ಸಿಡೋನಿಯನ್ನು ಮುಟ್ಟಿತ್ತು. ಅವಳು ಬಾಗಿಲಲ್ಲೇ ನಿಂತಿದ್ದಳು.

“ರೀ, ಆ ಚರಂಡಿ ಇನ್ನು ಮೇಲೆ ಮನೆಯೊಳಗೆ ಬೇಡ. ಸೇದೋದಿದ್ರೆ ಸೌದೆ ಕೊಟ್ಟಿಗೇಲಿ ಸೇದಿ. ಸದ್ದು ನಿಂತ ದಿವಸ ಒಳಗೆ ತನ್ನಿ.”

ಇದು ಸಣ್ಣ ಶಿಕ್ಷೆಯಲ್ಲ. ಅಡುಗೆಮನೆಯ ದೊಡ್ಡ ಒಲೆಯ ಪಕ್ಕ ಎರಡು ಕುರ್ಚಿಗಳಿದ್ದವು. ಒಂದು ಮಾವ ಓನೋರೆಯದು, ಇನ್ನೊಂದು ಅನಾತೋಲನದು. ನಡುವೆ ಸಿಡೋನಿಯ ಹೆಣಿಗೆಯ ಬುಟ್ಟಿ. ಸಂಜೆ ಸೂಪು ಕುಡಿದಾದ ಮೇಲೆ ಆ ಕುರ್ಚಿಯಲ್ಲಿ ಕಾಲು ಚಾಚಿ ಪೈಪು ಹಚ್ಚುವುದಕ್ಕಾಗಿಯೇ ಅವನು ಬೆಳಗ್ಗೆ ಏಳುತ್ತಿದ್ದದ್ದು. ಜೀವನದಲ್ಲಿ ಇನ್ನೇನನ್ನೂ ಅವನು ಕೇಳಿದವನಲ್ಲ. ಈಗ ಹೊರಗೆ ಮೊಣಕಾಲುದ್ದ ಹಿಮ, ಕೊಟ್ಟಿಗೆಯಲ್ಲಿ ಸೌದೆಯ ಮೇಲೆ ಗೋಣಿ ಹೊದ್ದು ಕೂತ ಅನಾತೋಲ, ಎದುರಿಗೆ ಕಿಟಕಿಯಲ್ಲಿ ದೀಪದ ಬೆಳಕು. ಆ ಬೆಳಕನ್ನು ನೋಡುತ್ತ ಕೂತರೆ ಅವನಿಗೆ ನಿಜವಾಗಿ ಅಳು ಬರುತ್ತಿತ್ತು.

ಮಾವ ನಲವತ್ತು ವರ್ಷ ಪೈಪಿಗೆ ತೂತು ಕೊರೆದವನು. “ಅಳಿಯಂದ್ರೇ, ಕೇಳಿದ್ರೆ ಒಂದು ಮಾತು ಹೇಳ್ತೀನಿ,” ಎಂದು ಎರಡು ಸಲ ಹೇಳಿದ. ಆದರೆ ಕೇಳಿದರೆ ಹೇಳುವ ಮಾವನನ್ನು ಕೇಳದಿರುವುದೇ ಅಳಿಯನ ಘನತೆ. ಅನಾತೋಲ ಕೇಳಲಿಲ್ಲ. ವಿಜ್ಞಾನದ ಮೊರೆ ಹೋದ.

ತೇವ ಹೀರುವ ಪೈಪುಗಳಿಗೆ ಆ ಊರಿನಲ್ಲಿ ಬರವಿರಲಿಲ್ಲ. ಒಳಗೆ ಲೋಹದ ನಾಲಿಗೆ ಇರುವ ಪೈಪು ತಂದ. ಗೊರಗೊರ ಹೋಗಿ ಕೀಚುದನಿ ಬಂತು. ಸುರುಳಿ ಕೊಳವೆಯದು ತಂದ; ಎಳೆಯಲು ಕೆನ್ನೆ ನೋವಾಗಿ ಮರುದಿನ ಬ್ರೆಡ್ಡು ಅಗಿಯಲಾಗಲಿಲ್ಲ. ಕೆಳಗೊಂದು ಪುಟ್ಟ ನೀರಿನ ಗುಂಡಿ ಇರುವ ಪೈಪಂತೂ ಎರಡು ದಿನ ಪರಮ ಮೌನಿಯಾಗಿದ್ದು, ಮೂರನೆಯ ದಿನ ಅನಾತೋಲ ಆಕಾಶದತ್ತ ಮುಖ ಮಾಡಿ ಸೀನುವಾಗ ಕೂಡಿಟ್ಟದ್ದನ್ನೆಲ್ಲ ಒಂದೇ ಸಲ ಅವನ ಗಂಟಲಿಗೆ ಒಪ್ಪಿಸಿತು. ಆ ರುಚಿಯನ್ನು ನಾನು ವರ್ಣಿಸುವುದಿಲ್ಲ; ಊಟದ ಹೊತ್ತಿನಲ್ಲಿ ಓದುವವರೂ ಇರುತ್ತಾರೆ.

ಜನವರಿಯಲ್ಲಿ ಅವನಿಗೆ ಜ್ಞಾನೋದಯವಾಯಿತು. ಆ ಬೆಟ್ಟದಲ್ಲಿ ಚಳಿಗಾಲಕ್ಕೆ ಒಂದು ಮೆತ್ತನೆಯ ಚೀಸು ಮಾಡುತ್ತಾರೆ. ಚಮಚದಲ್ಲಿ ತೆಗೆಯುವಷ್ಟು ಮೆತ್ತಗೆ. ಹರಿದು ಹೋಗದಿರಲಿ ಎಂದು ಅದರ ಸೊಂಟಕ್ಕೆ ಸ್ಪ್ರೂಸ್ ಮರದ ಒಳತೊಗಟೆಯ ಪಟ್ಟಿ ಬಿಗಿಯುತ್ತಾರೆ. ಊಟ ಮುಗಿದ ಮೇಲೆ ತಟ್ಟೆಯಲ್ಲಿ ಉಳಿದ ಆ ಪಟ್ಟಿಯನ್ನು ಅನಾತೋಲ ದಿಟ್ಟಿಸಿ ನೋಡಿದ. ಇಷ್ಟು ಒದ್ದೆ ಚೀಸನ್ನು ತಬ್ಬಿಕೊಂಡು ಎರಡು ತಿಂಗಳು ಕೂತ ಪಟ್ಟಿ ತಾನು ಮಾತ್ರ ಕೊಳೆತಿಲ್ಲ! ತೇವವನ್ನು ಜೀರ್ಣಿಸಿಕೊಳ್ಳುವ ವಸ್ತು ಲೋಕದಲ್ಲಿ ಇದ್ದರೆ ಇದೇ ಎಂದು ತೀರ್ಮಾನಿಸಿದ. ಪಟ್ಟಿಯನ್ನು ಒಲೆಯ ಮೇಲೆ ಒಣಗಿಸಿ, ಸುರುಳಿ ಸುತ್ತಿ, ಒಂದು ದಪ್ಪ ಪೈಪಿನ ಕೊರಳಿನ ತೂತನ್ನು ದೊಡ್ಡದು ಮಾಡಿ ಅದರೊಳಗೆ ತುರುಕಿದ. ತೊಳೆಯಬೇಕು ಎಂದು ಮಾತ್ರ ಹೊಳೆಯಲಿಲ್ಲ. ಮಹಾ ಆವಿಷ್ಕಾರಗಳೆಲ್ಲ ಹೀಗೇ ಏನಾದರೊಂದನ್ನು ತೊಳೆಯದೇ ಆದಂಥವು.

ಪೈಪು ಹಿಡಿದು ಒಳಗೆ ಓಡಿ ಬಂದ. “ಸಿಡೋನಿ, ಸಿಕ್ತು! ಇನ್ನು ಸದ್ದೇ ಇರಲ್ಲ!”

“ಹೋದ ಸಲಾನೂ ಹಂಗೇ ಹೇಳಿದ್ರಿ. ನಂಗೆ ನಂಬಿಕೆ ಇಲ್ಲ. ಮುಂದಿನ ತಿಂಗಳು ಪಂದ್ಯ ಇದೆಯಲ್ಲ? ಊರೋರ ಮುಂದೆ ಒಂದು ಸಲ ಸೇದಿ ತೋರ್ಸಿ. ಒಂದೇ ಒಂದು ಗೊರ್ ಬರದಿದ್ರೆ ಕುರ್ಚಿ ನಿಮ್ದು.”

ಪಂದ್ಯವೆಂದರೆ ನಿಧಾನವಾಗಿ ಸೇದುವ ಪಂದ್ಯ. ಎಲ್ಲರಿಗೂ ಒಂದೇ ಬಗೆಯ ತಂಬಾಕು, ತಲಾ ಮೂರು ಗ್ರಾಂ, ಎರಡು ಬೆಂಕಿಕಡ್ಡಿ. ಒಂದು ನಿಮಿಷದಲ್ಲಿ ಹಚ್ಚಬೇಕು, ಆಮೇಲೆ ಕಡ್ಡಿ ಗೀರುವಂತಿಲ್ಲ. ಯಾರ ಹೊಗೆ ಕಡೆಯವರೆಗೆ ಬರುತ್ತದೋ ಅವರು ಗೆದ್ದ ಹಾಗೆ. ಹನ್ನೊಂದು ವರ್ಷದಿಂದ ಗೆಲ್ಲುತ್ತಿದ್ದವರು ಊರಿನ ದೊಡ್ಡ ಕಾರ್ಖಾನೆಯ ಮಾಲೀಕ, ಪೈಪು ಸಂಘದ ಅಧ್ಯಕ್ಷ ಗ್ರಾಂಕ್ಲೆಮೋ. ಅವರ ದಾಖಲೆ ಒಂದು ಗಂಟೆ ಮೂವತ್ತೇಳು ನಿಮಿಷ.

ಫೆಬ್ರವರಿಯ ಭಾನುವಾರ ಮಧ್ಯಾಹ್ನ ಮೂವತ್ತು ಜನ ಪುರಸಭೆಯಲ್ಲಿ ಮೇಜಿನ ಸುತ್ತ ಕೂತು ಪೈಪು ಹಚ್ಚಿದರು. ಅನಾತೋಲನಿಗೆ ಗೆಲ್ಲುವ ಆಸೆ ಲವಲೇಶವೂ ಇರಲಿಲ್ಲ. ಸದ್ದು ಬರಬಾರದು, ಅಷ್ಟೆ. ಎದುರಿನ ಬೆಂಚಿನಲ್ಲಿ ಸಿಡೋನಿ ಕೂತಿದ್ದಳು. ಅವಳ ಮುಖ ನೋಡುತ್ತ, ಮಲಗಿದ ಕೂಸಿನ ಕೋಣೆಯಲ್ಲಿ ನಡೆಯುವವನ ಹಾಗೆ ಬಲು ಮೆಲ್ಲಗೆ ಒಂದೊಂದು ಗುಟುಕು ಹೊಗೆ ತೆಗೆದುಕೊಂಡ. ಅರ್ಧ ಗಂಟೆಗೆ ಹತ್ತು ಜನ ಆರಿದರು. ಒಂದು ಗಂಟೆಗೆ ಒಟ್ಟು ಇಪ್ಪತ್ತಾರು. ಒಂದೂಕಾಲು ಗಂಟೆಗೆ ಗ್ರಾಂಕ್ಲೆಮೋ ಬೂದಿ ಕೊಡವಿ, ತಮ್ಮದೇ ಜಯವೆಂದು ಎದ್ದು ನಿಂತರು. ನೋಡಿದರೆ ಮೇಜಿನ ಮೂಲೆಯಲ್ಲಿ ಗುಮಾಸ್ತ ಇನ್ನೂ ಹೊಗೆ ಬಿಡುತ್ತಿದ್ದಾನೆ.

ಒಂದೂವರೆ ಗಂಟೆಯಾಯಿತು. ಒಂದು ಗಂಟೆ ಮೂವತ್ತೇಳು ನಿಮಿಷವೂ ದಾಟಿತು. ಅಷ್ಟರಲ್ಲಾಗಲೇ ಸಭೆಯಲ್ಲಿ ಒಂದು ವಾಸನೆ ಹಬ್ಬಿತ್ತು.

ಗ್ರಾಂಕ್ಲೆಮೋ ಮೂಗರಳಿಸಿದರು. ಅದು ಯಾವ ವಾಸನೆಯೆಂದು ಅವರಿಗೆ ತಿಳಿಯಲಿಲ್ಲ. ತಿಳಿಯದಿರುವ ಹಕ್ಕು ಅಧ್ಯಕ್ಷರಿಗೆ ಇಲ್ಲ. “ಮಹನೀಯರೇ! ನಾವೆಲ್ಲ ಸೇದಿದ್ದು ಇದೇ ತಂಬಾಕು. ಆದರೆ ನಮ್ಮ ಪೈಪಿನ ತೇವ ಅದರ ಪರಿಮಳವನ್ನು ಕೊಂದುಹಾಕಿತ್ತು. ತೇವ ತೊಲಗಿದ ಮೇಲೆ ತಂಬಾಕು ತನ್ನ ನಿಜಸ್ವರೂಪ ತೋರಿಸ್ತಾ ಇದೆ!”

ಔಷಧಿ ಅಂಗಡಿಯವರು ಕಣ್ಣು ಮುಚ್ಚಿಕೊಂಡರು. “ಹೌದ್ಹೌದು. ಹುಲ್ಲುಗಾವಲಿನ ನೆನಪಾಗ್ತಿದೆ.”

“ಹುಲ್ಲಿಗಿಂತ ಒಂಚೂರು ಮುಂದೆ,” ಎಂದರು ಶಾಲೆಯ ಮೇಷ್ಟ್ರು, “ಹುಲ್ಲು ತಿಂದವರ ನೆನಪಾಗ್ತಿದೆ.”

ಹಿಂದಿನ ಸಾಲಿನಿಂದ ಚೀಸಂಗಡಿಯ ಮದಾಮ್ ಪೊನ್ಸೆ, “ಅಯ್ಯೋ, ಇದು ನಮ್ ಅಂಗಡಿ ವಾಸನೆ ಅಲ್ವಾ?” ಎಂದಳು. ಸೂಕ್ಷ್ಮ ವಿಷಯಗಳಲ್ಲಿ ಬಾಯಿ ಹಾಕಬಾರದೆಂದು ನಾಲ್ಕಾರು ಜನ ಅವಳನ್ನು ಸುಮ್ಮನಾಗಿಸಿದರು.

ಎರಡು ಗಂಟೆ ಆರು ನಿಮಿಷಕ್ಕೆ ಹೊಗೆ ನಿಂತಿತು. ಅಷ್ಟು ಹೊತ್ತಿನಲ್ಲಿ ಒಂದೇ ಒಂದು ಗೊರ್ ಇಲ್ಲ! ಜನ ಅನಾತೋಲನನ್ನು ಹೆಗಲ ಮೇಲೆ ಹೊತ್ತರು. ಅವನು ಮೇಲಿನಿಂದಲೇ ಕೂಗಿದ: “ಸಿಡೋನಿ! ಕುರ್ಚಿ?”

“ನಿಮ್ದೇ,” ಎಂದಳು ಅವಳು. ಅವಳ ಮುಖ ಕೆಂಪಾಗಿತ್ತು.

ಆದರೆ ಕೀರ್ತಿ ಎಂಬುದು ಕೂತು ಮಾತಾಡಲು ಬರುವ ಪದಾರ್ಥ. ಆ ಸಂಜೆ ಮೇಯರು ಅಭಿನಂದಿಸಲು ಬಂದು ಒಲೆಯ ಪಕ್ಕದ ಕುರ್ಚಿಯಲ್ಲಿ ಆಸೀನರಾಗಿ ಭಾಷಣ ಮಾಡಿದರು, ಅನಾತೋಲ ನಿಂತುಕೊಂಡ. ಮರುದಿನ ಅದೇ ಕುರ್ಚಿಯಲ್ಲಿ ಗ್ರಾಂಕ್ಲೆಮೋ ಕೂತು, “ಶಾಂಪ್ರೇ ಒಣ ಪೈಪು! ಪ್ರಪಂಚವೆಲ್ಲ ಕೈಚಾಚುತ್ತೆ. ಒಳಗೇನಿದೆ ಹೇಳಪ್ಪ,” ಎಂದು ಬೆಣ್ಣೆ ಹಚ್ಚಿದರು. ಅನಾತೋಲ ಗುಟ್ಟು ಬಿಡಲಿಲ್ಲ. ಆದರೆ ಕೂರಲೂ ಇಲ್ಲ. ಮೂರನೆಯ ದಿನ ಪತ್ರಿಕೆಯವನು. ಬಂದವರಿಗೆಲ್ಲ ಬೆಚ್ಚಗಿರಬೇಕಲ್ಲ, ಅದಕ್ಕಾಗಿ ಅನಾತೋಲನೇ ಕೊಟ್ಟಿಗೆಗೆ ಹೋಗಿ ಸೌದೆ ಹೊತ್ತು ತರುತ್ತಿದ್ದ. ಒಟ್ಟು ಲೆಕ್ಕದಲ್ಲಿ ಗೆದ್ದ ಮೇಲೆ ಅವನು ಕೊಟ್ಟಿಗೆಯಲ್ಲಿ ಕಳೆದ ಹೊತ್ತು ಸೋತಾಗಿನದಕ್ಕಿಂತ ಕಡಿಮೆಯೇನಿರಲಿಲ್ಲ.

ನಾಲ್ಕನೆಯ ಸಂಜೆ ಪತ್ರಿಕೆಯ ಸುದ್ದಿ ಓದಿಕೊಂಡು ದೇಶದ ತಂಬಾಕನ್ನೆಲ್ಲ ತಾನೇ ಮಾರುವ ಸರ್ಕಾರಿ ತಂಬಾಕು ಇಲಾಖೆಯ ಇನ್ಸ್‌ಪೆಕ್ಟರು ಬಂದರು. ಹಂಚಿಕಡ್ಡಿಯಂಥ ಮನುಷ್ಯ, ಕೈಯಲ್ಲಿ ಒಂದು ಪುಟ್ಟ ತಕ್ಕಡಿ. ಅವರೂ ಕುರ್ಚಿ ಕೇಳದೆಯೇ ಆ ಕುರ್ಚಿಯಲ್ಲೇ ಕೂತರು. ವಿಷಯ ತಿಳಿದು ಅರ್ಧ ಊರು ಅಡುಗೆಮನೆಯಲ್ಲಿ ತುಂಬಿಕೊಂಡಿತು.

“ಮೂರು ಗ್ರಾಂ ತಂಬಾಕು ಎರಡು ಗಂಟೆ ಆರು ನಿಮಿಷ ಉರಿಯಲ್ಲ,” ಎಂದರು ಇನ್ಸ್‌ಪೆಕ್ಟರು. “ಉರಿದರೆ ಎರಡೇ ಕಾರಣ. ಒಂದು, ಪೈಪಿನ ಹೊಟ್ಟೆಯೊಳಗೆ ಕಳ್ಳ ತಂಬಾಕು ಬಚ್ಚಿಟ್ಟಿದೀರಿ. ಅದು ಅಪರಾಧ.”

“ಇನ್ನೊಂದು?” ಎಂದ ಅನಾತೋಲ.

“ಪೈಪು ನಿಜವಾಗ್ಲೂ ಹಾಗೆ ಉರಿಸುತ್ತೆ. ಅದು ಇನ್ನೂ ದೊಡ್ಡ ಅಪರಾಧ. ದೇಶವೆಲ್ಲ ದಿನಕ್ಕೆ ಮೂರೇ ಗ್ರಾಂ ಸೇದೋಕೆ ಶುರು ಮಾಡಿದ್ರೆ ನಾವು ಬಾಗಿಲು ಹಾಕ್ಕೊಂಡು ಹೋಗಬೇಕಾ?”

“ಅಪರಾಧ ಅಂದ್ರೆ ಸ್ವಾಮಿ, ಜೈಲಾ?”

“ಆಗಬಹುದು.”

ಅನಾತೋಲ ಒಲೆಯತ್ತ ನೋಡಿದ. “ಅಲ್ಲಿ ಒಲೆ ಇರುತ್ತಾ?”

ಇನ್ಸ್‌ಪೆಕ್ಟರು ಗೆದ್ದ ಪೈಪನ್ನು ಕೈಗೆತ್ತಿಕೊಂಡರು. ಪೈಪಿನ ಕೊರಳು ತಿರುಪಿ ಬಿಚ್ಚಿದರು. ಚಿಮುಟದಿಂದ ತುದಿ ಸುಟ್ಟ ಒಂದು ಕರಿ ಸುರುಳಿಯನ್ನು ಎಳೆದು, ತಕ್ಕಡಿಯಲ್ಲಿಟ್ಟು, ಮೂಸಿ, ಮತ್ತೆ ಮೂಸಿ, “ಇದ್ಯಾವ ದೇಶದ ತಂಬಾಕು?” ಎಂದು ಗುಡುಗಿದರು.

ಮದಾಮ್ ಪೊನ್ಸೆ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. “ಕೊಡಿ ಇಲ್ಲಿ. ತಂಬಾಕಂತೆ! ಇದು ನಮ್ ಚೀಸಿನ ಸೊಂಟಪಟ್ಟಿ. ಜಿಡ್ಡು ಹಂಗೇ ಇದೆ ನೋಡಿ. ಅಯ್ಯೋ ಮಾರಾಯ, ತಂಬಾಕು ಮುಗಿದ ಮೇಲೆ ಮುಕ್ಕಾಲು ಗಂಟೆ ನನ್ ಚೀಸು ಸೇದಿದೀಯಲ್ಲೋ!”

ಎಲ್ಲರ ಕಣ್ಣೂ ಮೊದಲು ಔಷಧಿ ಅಂಗಡಿಯವರ ಮೇಲೆ, ಆಮೇಲೆ ಮೇಷ್ಟ್ರ ಮೇಲೆ, ಕಡೆಗೆ ತಂಬಾಕಿನ ನಿಜಸ್ವರೂಪ ಕಂಡ ಗ್ರಾಂಕ್ಲೆಮೋ ಮೇಲೆ ನೆಟ್ಟವು. ಔಷಧಿ ಅಂಗಡಿಯವರಿಗೆ ಯಾರದೋ ಜ್ವರ ನೆನಪಾಗಿ ಹೊರಟುಹೋದರು. ಮೇಷ್ಟ್ರಿಗೆ ಮಕ್ಕಳ ಪುಸ್ತಕ ತಿದ್ದುವುದಿತ್ತು. ಗ್ರಾಂಕ್ಲೆಮೋ ಟೊಪ್ಪಿ ಹಾಕಿಕೊಂಡು, “ದಾಖಲೆ ರದ್ದು. ಒಂದು ಗಂಟೆ ಮೂವತ್ತೇಳು ನಿಮಿಷ ಶಾಶ್ವತ,” ಎಂದು ಘೋಷಿಸಿ ಬಾಗಿಲು ದಾಟಿದರು. ಮೇಯರು ತಾವು ಮಾಡಿದ ಭಾಷಣವನ್ನು ಮಾಡಿಯೇ ಇಲ್ಲ ಎನ್ನುವ ಮುಖ ಮಾಡಿಕೊಂಡು ಅವರ ಹಿಂದೆಯೇ ನಡೆದರು. ಇನ್ಸ್‌ಪೆಕ್ಟರು ತಕ್ಕಡಿ ಮಡಚಿ, “ಚೀಸು ನಮ್ಮ ಇಲಾಖೆಗೆ ಬರಲ್ಲ,” ಎಂದು ಬರೆದುಕೊಂಡು ಎದ್ದರು. ಮದಾಮ್ ಪೊನ್ಸೆ ಮಾತ್ರ ಹೋಗುವಾಗ ಅನಾತೋಲನ ಬೆನ್ನು ತಟ್ಟಿ ಹೋದಳು.

ಅಡುಗೆಮನೆಯಲ್ಲಿ ಮನೆಯವರು ಮೂವರೇ ಉಳಿದರು. ಅನಾತೋಲ ಬಿಚ್ಚಿದ ಪೈಪನ್ನೇ ನೋಡುತ್ತ ನಿಂತಿದ್ದ.

“ದಾಖಲೆ ಹೋದ್ರೆ ಹೋಗ್ಲಿ ಮಾವ. ಆದ್ರೆ ಸದ್ದು ಬರಲಿಲ್ಲವಲ್ಲ, ಅದಾದ್ರೂ ಈ ಪಟ್ಟಿಯಿಂದಲೇ ಅಲ್ವಾ?”

ಓನೋರೆ ಸುರುಳಿಯನ್ನು ಬೆರಳಲ್ಲಿ ಉಜ್ಜಿದ. “ಇದು ಜಿಡ್ಡು ಕುಡಿದು ಕೂತಿದೆ ಅಳಿಯಂದ್ರೇ. ಇದರೊಳಗೆ ಒಂದು ಹನಿ ನೀರೂ ಇಳಿಯಲ್ಲ.” ತನ್ನ ಜೇಬಿನಿಂದ ಸವೆದ ಹಳೆಯ ಪೈಪು ತೆಗೆದು ತಂಬಾಕು ತುಂಬಿ ಕೊಟ್ಟ. “ಇದರಲ್ಲಿ ಏನೂ ಇಲ್ಲ. ಒಂದು ತೂತು, ನಾನೇ ಕೊರೆದದ್ದು. ಮೊನ್ನೆ ಹೆದರ್ಕೊಂಡು ಸೇದಿದ್ರಲ್ಲ, ಹಾಗೇ ಸೇದಿ.”

ಅನಾತೋಲನಿಗೆ ಹೆದರಿಕೆಗೇನು ಕೊರತೆ? ನಿಂತಲ್ಲೇ ಹಚ್ಚಿ, ಮೆಲ್ಲಗೆ ಗುಟುಕಿಸಿದ. ಐದು ನಿಮಿಷ, ಹತ್ತು ನಿಮಿಷ, ಕಾಲು ಗಂಟೆ. ಒಲೆಯಲ್ಲಿ ಸೌದೆ ಚಟಪಟ ಎಂದದ್ದು ಬಿಟ್ಟರೆ ಯಾವ ಸದ್ದೂ ಇಲ್ಲ.

“ಅವಸರಕ್ಕೆ ಎಳೆದ್ರೆ ಪೈಪು ಕಾಯುತ್ತೆ, ಕಾದ್ರೆ ಒಳಗೆ ಬೆವರುತ್ತೆ. ಅಷ್ಟೇ ವಿಷಯ. ನಾಲಿಗೆ, ಸುರುಳಿ, ಗುಂಡಿ ಎಲ್ಲಾ ನಾನೂ ಕೊರೆದಿದೀನಿ. ಕೊಳ್ಳೋರಿಗೆ ಧೈರ್ಯ ಬರುತ್ತೆ, ಧೈರ್ಯ ಬಂದ್ರೆ ನಿಧಾನವಾಗ್ತಾರೆ. ಪ್ರಯೋಜನ ಇಲ್ಲ ಅಂತ ಹೇಳೋಕಾಗಲ್ಲ.”

“ಮೂರು ತಿಂಗಳು ಹಿಮದಲ್ಲಿ ಕೂತಿದ್ದೆನಲ್ಲ ಮಾವ! ಮೊದಲೇ ಹೇಳಬಾರದಿತ್ತಾ?”

“ನೀವು ಕೇಳಲಿಲ್ಲ.”

ಅನಾತೋಲ ತಲೆ ತಗ್ಗಿಸಿದ. ಊರೆದುರು ಮಾಡಿದ್ದೆಲ್ಲ ಸುಳ್ಳಾಯಿತು, ಪಂದ್ಯ ರದ್ದಾಯಿತು. ಪಂದ್ಯದ ಮೇಲೆ ಬಂದ ಕುರ್ಚಿಯೂ ರದ್ದೇ ಇರಬೇಕು. ಗೂಟದಿಂದ ಗೋಣಿ ತೆಗೆದು ಹೆಗಲಿಗೆ ಹಾಕಿಕೊಂಡು ಹಿತ್ತಿಲ ಬಾಗಿಲಿನತ್ತ ನಡೆದ.

“ಎಲ್ಲಿಗ್ರೀ?” ಎಂದಳು ಸಿಡೋನಿ.

“ಕೊಟ್ಟಿಗೆಗೆ.”

ಅವಳು ಹೆಣಿಗೆಯನ್ನು ಬುಟ್ಟಿಗೆ ಎಸೆದಳು. “ಮದುವೆ ಮನೇಲಿ ಮಾನ ಹೋಯ್ತು ಅಂತ ಸಿಟ್ಟಲ್ಲಿ ಒಂದು ಮಾತಂದೆ. ಒಂದು ವಾರ ಆದ್ಮೇಲೆ ಸಿಟ್ಟೆಲ್ಲಿತ್ತು? ದಿನಾ ಸಂಜೆ ಈ ಖಾಲಿ ಕುರ್ಚಿ ನೋಡ್ಕೊಂಡು ಕೂತ್ಕೊಳ್ತಿದ್ದೆ. ನಾನು ಕರೀಲಿಲ್ಲ, ಬಿಂಕಕ್ಕೆ ಪಂದ್ಯದ ಷರತ್ತೂ ಹಾಕ್ದೆ, ನಿಜ. ನೀವಾದ್ರೂ ಬರಬಾರದಿತ್ತಾ?”

ಅನಾತೋಲ ಗೋಣಿಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಅದನ್ನು ಹೊದ್ದುಕೊಂಡೇ ಬಂದು ಕುರ್ಚಿಯಲ್ಲಿ ಕೂತ. ಇನ್ಸ್‌ಪೆಕ್ಟರು ಕೂತೆದ್ದ ಕುರ್ಚಿ ಒಲೆಯ ಕಾವಿಗೆ ಇನ್ನೂ ಬೆಚ್ಚಗಿತ್ತು. ಕಾಲು ಚಾಚಿದ. ಸಂತೋಷ ತಡೆಯಲಾರದೆ ಜೋರಾಗಿ ಎಳೆಯಲು ಹೊರಟವನ ಮೊಣಕಾಲನ್ನು ಮಾವ ಮೆಲ್ಲಗೆ ತಟ್ಟಿದ.

“ಒಂದು ಗುಟುಕು ಎಳೀರಿ. ಆಮೇಲೆ ನಾಲ್ಕು ಮಾತಾಡಿ. ಆಮೇಲೆ ಇನ್ನೊಂದು ಗುಟುಕು. ನಿಧಾನಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಯಾರೂ ಕಂಡುಹಿಡಿದಿಲ್ಲ.”

“ಏನು ಮಾತಾಡ್ಲಿ?”

“ಇಪ್ಪತ್ತೆರಡು ವರ್ಷದಿಂದ ನಿಮ್ ಬಾಯಲ್ಲಿ ಪೈಪೇ ಇದೆ,” ಎಂದಳು ಸಿಡೋನಿ. “ಆಫೀಸಲ್ಲಿ ದಿನಾ ಏನಾಗುತ್ತೆ ಅಂತ ಒಂದಿನಾನೂ ಹೇಳಿದೋರಲ್ಲ.”

ಅನಾತೋಲ ಒಂದು ಗುಟುಕು ಎಳೆದ. ಯೋಚಿಸಿದ. ಬೆಳಗ್ಗೆ ಗರಗಸದ ಮಿಲ್ಲಿನವನು ಅವಳಿ ಹೆಣ್ಣುಮಕ್ಕಳ ಹೆಸರು ಬರೆಸಲು ಬಂದಿದ್ದ. ಬರುವ ದಾರಿಯಲ್ಲಿ ಹೆಸರು ಮರೆತುಹೋಗಿ, ಮನೆಗೆ ಓಡಿ ಹೋಗಿ ಕೇಳಿಕೊಂಡು ಬಂದು, ಯಾವುದು ಯಾರ ಹೆಸರೆಂದು ತಿಳಿಯದೆ ಮತ್ತೆ ಓಡಿದ್ದ. ಮೂರನೆಯ ಸಲ ಎರಡು ಕೂಸುಗಳನ್ನೂ ಎರಡು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ. ಆ ಕಥೆಯನ್ನು ಹೇಳತೊಡಗಿದ. ಅವನು ಓಡಿದ ರೀತಿಯನ್ನು ಕೂತಲ್ಲೇ ಮಾಡಿ ತೋರಿಸಿದ. ಸಿಡೋನಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಆಮೇಲೇನಾಯ್ತು, ಆಮೇಲೇನಾಯ್ತು ಎಂದು ಕುರ್ಚಿಯ ತೋಳಿಗೆ ಒರಗಿಕೊಂಡಳು.

ಅವನ ಕೈಯಲ್ಲಿದ್ದ ಪೈಪು ಎಷ್ಟೋ ಹೊತ್ತಿಗೆ ಮುಂಚೆಯೇ ಆರಿಹೋಗಿತ್ತು. ಮಾವ ಅದನ್ನು ನೋಡಿದ. ಅವನ ಜೇಬಿನಲ್ಲಿ ಬೆಂಕಿಪೊಟ್ಟಣವಿತ್ತು. ತೆಗೆಯಲಿಲ್ಲ.